ತೆಲುಗಿಗೆ ಬೆಲ್ಲ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಮಿಳು ಸೀಮೆಯ ಗಡಿಯೂರು ಬೇರಿಕೆಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ. ಒಬ್ಬ ತಾಯಿ ಮಗಳು ರತ್ನಿಯನ್ನು ಸೇರಿಸಲು ಬಂದರು. ಹುಡುಗಿಗೆ ಸಕ್ಕರೆ ಕಾಯಿಲೆ, ದಿನಾ ಸೂಜಿ. ಬೇರೆ ಶಾಲೆಯವರು ಬೇಡ ಅಂದಿದ್ದರಂತೆ.

"ಒಂದೊಂದ್ಸಲ ಸಕ್ಕರೆ ಇಳ್ದೋಗ್ತದೆ ಮೇಡಮ್. ಆಗ ಕನ್ನಡ ಮರ್ತು ಮನೆಮಾತು ತೆಲುಗಿಗೆ ಬಂದ್ಬುಡ್ತಾಳೆ. ಪಾಠದ ಮಧ್ಯ ತೆಲುಗು ಕೇಳಿದ್ರೆ ಬಾಯಿಗೆ ಬೆಲ್ಲ ಇಕ್ಕಿ, ಇಲ್ದಿದ್ರೆ ಬಿದ್ದೋಗ್ತಾಳೆ," ಅಂದರು.

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಮೇಜಿನ ಡ್ರಾಯರಿನಲ್ಲಿ ಬೆಲ್ಲ ಇಟ್ಟುಕೊಂಡೆ.

ಒಂದು ದಿನ ತಮಿಳಿನವರಾದ ಇನ್ಸ್‌ಪೆಕ್ಟರು ಬಂದು ರತ್ನಿಗೆ ಏಳರ ಮಗ್ಗಿ ಕೇಳಿದರು. "ಏಳೆರಡ್ಲ ಹದಿನಾಲ್ಕು" ಅಂದವಳು ಬೆವರತೊಡಗಿದಳು. ಆಮೇಲೆ "ಏಡು ಮೂಳ್ಳು ಇರವೈ ಒಕಟಿ" ಅಂತ ಇಪ್ಪತ್ತೊಂದನ್ನು ತೆಲುಗಿನಲ್ಲಿ ಹೇಳಿದಳು. ನಾನು ಓಡಿಹೋಗಿ ಬಾಯಿಗೆ ಬೆಲ್ಲ ಹಾಕಿದೆ.

"ಕನ್ನಡ ಸ್ಕೂಲಲ್ಲಿ ತೆಲುಗು ಹೇಳಿದ್ರೆ ಪ್ರೈಜಾ?" ಅಂದರು ಇನ್ಸ್‌ಪೆಕ್ಟರು. ನಾನು ರತ್ನಿಯನ್ನು ಕೂರಿಸಿ ಇನ್ನೊಂದು ಚೂರು ಹಾಕಿದೆ.

ಸ್ವಲ್ಪ ಹೊತ್ತಿಗೆ ರತ್ನಿ ತಲೆ ಎತ್ತಿ, "ಏಳ್ನಾಕ್ಲ ಇಪ್ಪತ್ತೆಂಟು" ಅಂತ ಬಿಟ್ಟಲ್ಲಿಂದ ಶುರು ಮಾಡಿದಳು. ಆಗ ನಾನು ಅವರಿಗೆ ಅವಳ ಕಾಯಿಲೆಯ ವಿಷಯ ಹೇಳಿದೆ.

ಅವರು ಅವಳನ್ನೇ ನೋಡುತ್ತಾ ನಿಂತು, ನನ್ನತ್ತ ಕೈ ಚಾಚಿದರು. "ನನಗೂ ಒಂದು ಚೂರು ಕೊಡಿ ಟೀಚರ್. ನನ್ನ ಕನ್ನಡವೂ ಸರಿಹೋಗಲಿ."

ಕೊಟ್ಟೆ. ಚಪ್ಪರಿಸಿ ತಿಂದು, "ರೊಂಬ ನಲ್ಲಾ ಇರುಕ್ಕು" ಅಂತ ತಮಿಳಿನಲ್ಲೇ ಹೊಗಳಿದರು.