ಇದರಲ್ಲಿ ಇಲ್ಲದ್ದು

ಪರ್ಲ್ ಎನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಯಾರ್ಯಾರೋ ಬರೆದಿಟ್ಟ ಪ್ಯಾಕೇಜುಗಳನ್ನು, ಅಂದರೆ ಸಿದ್ಧ ಪ್ರೋಗ್ರಾಂ ತುಣುಕುಗಳನ್ನು, ಕೆಲಸಕ್ಕೆ ತಕ್ಕಂತೆ ಕಟ್ಟುಗಳಾಗಿ ಸೇರಿಸಿ, ಪ್ರತಿ ಕಟ್ಟಿಗೂ ನಾಲ್ಕು ಸಾಲು ವಿವರಣೆ ಬರೆಯುವುದು ನನ್ನ ಮೊದಲ ಕೆಲಸ. ಕೊಪ್ಪದ ಸೈಬರ್ ಕೆಫೆಯಿಂದ ಅವನ್ನು ಕೆಲಸ ಕೊಟ್ಟವರಿಗೆ ಕಳಿಸುತ್ತಿದ್ದೆ. ಎರಡು ಸಲ ವಾಪಸ್ ಬಂದಿದ್ದವು. ನನ್ನ ವಿವರಣೆ ಓದಿ ಕಟ್ಟನ್ನು ಹಾಕಿಕೊಂಡವರ ಕಂಪ್ಯೂಟರಿನಲ್ಲಿ ಏನೂ ನಡೆಯುತ್ತಿಲ್ಲವಂತೆ. ಮೂರನೇ ಸಲವೂ ಹೀಗಾದರೆ ಕೆಲಸ ಬೇರೆಯವರಿಗೆ.

ಅವತ್ತು ಅಮ್ಮ ಕಳಿಸಿದಳೆಂದು ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಗೆ ಹೋಗಿ ಗಣಹೋಮದ ಕಟ್ಟು ಕೇಳಿದೆ. ಅಂಗಡಿಯ ಅಜ್ಜ ಪೊಟ್ಟಣ ಕಟ್ಟಿ, ಮೇಲೆ ಪೆನ್ನಿನಲ್ಲಿ ಬರೆದರು: 'ಗಣಹೋಮ. ತುಪ್ಪ, ಗರಿಕೆ, ತೆಂಗಿನಕಾಯಿ ಇದರಲ್ಲಿಲ್ಲ.'

"ಒಳಗೆ ಏನೇನಿದೆ ಅಂತ ಬರೆಯಲ್ವಾ?" ಧೈರ್ಯ ಮಾಡಿ ಕೇಳಿದೆ.

"ಇದ್ದದ್ದು ಬಿಚ್ಚಿದ್ರೆ ಕಾಣ್ತದಲ್ಲ ಮಾರಾಯ್ತಿ. ಇಲ್ಲದ್ದು ಕಾಣ್ತದಾ? ಭಟ್ರು ಹೋಮಕ್ಕೆ ಕೂತ್ಮೇಲೆ ತುಪ್ಪ ಇಲ್ಲ ಅಂತಾದ್ರೆ ಬೈಗುಳ ನಂಗೆ."

ನನ್ನ ವಿವರಣೆಗಳು ನೆನಪಾದವು. ನಾಲ್ಕೂ ಸಾಲಿನಲ್ಲಿ ಒಳಗಿರುವುದನ್ನೇ ಹೊಗಳಿದ್ದೆ. ಓದುವವರ ಹತ್ತಿರ ಮೊದಲೇ ಏನೇನು ಇರಬೇಕು ಎಂದು ಒಂದು ಸಲವೂ ಬರೆದಿರಲಿಲ್ಲ.

"ನಾನೂ ಕಟ್ಟು ಕಟ್ಟೋ ಕೆಲಸವೇ ಮಾಡೋದು," ಎಂದುಬಿಟ್ಟೆ.

ಅಜ್ಜನ ಮುಖ ಬಿಗಿಯಿತು. "ಹೌದಾ? ಬಸ್ ಸ್ಟ್ಯಾಂಡ್ ಹತ್ರ ಹೊಸ ಗ್ರಂಥಿಗೆ ಅಂಗಡಿ ಆಗಿದ್ಯಲ್ಲ, ಅಲ್ಲಿಯಾ?"

ಕಂಪ್ಯೂಟರಿನ ವಿಷಯ ಬಿಡಿಸಿ ಹೇಳುವಷ್ಟು ಕನ್ನಡ ಆ ಗಳಿಗೆಗೆ ನನ್ನ ಬಾಯಿಗೆ ಬರಲಿಲ್ಲ. ಹೌದೆನ್ನುವಂತೆ ತಲೆಯಾಡಿಸಿ ಬಂದೆ.

ಆ ಸಲದ ವಿವರಣೆಗಳು ವಾಪಸ್ ಬರಲಿಲ್ಲ. ವಾಪಸ್ ಬಂದದ್ದು, ಮುಂದಿನ ಸಲ ಅಜ್ಜನ ಅಂಗಡಿಗೆ ಹೋದ ಅಮ್ಮ, ಬರಿಗೈಯಲ್ಲಿ. "ಮಗಳು ಆ ಅಂಗಡೀಲಿ ಇರುವಾಗ ನಮ್ಮಲ್ಲಿಗೆ ಎಂತಕ್ಕೆ ಬಂದ್ರಿ?" ಅಂದರಂತೆ ಅಜ್ಜ.