ಪರದೆ ಮಾತ್ರ ಆರಿತ್ತು

"ಮಗಳ್ನ ಬುಡ್ಸಿಕೊಡಿ ಸಾ, ಒತ್ತು ಮುಳ್ಗದ್ರೊಳಗ ಮಣ್ಣು ಮಾಡ್ಬೇಕು," ಎಂದು ಹಂಗಳ ಎಂಬ ಹಳ್ಳಿಯಿಂದ ಬಂದಿದ್ದ ತಂದೆಯೊಬ್ಬರು ಕೈಮುಗಿದರು. ತೊಂಬತ್ತರ ದಶಕದ ಕೊನೆ. ಚಾಮರಾಜನಗರದ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು ನಾನು. ಬೆಳಿಗ್ಗೆ ತೀರಿಕೊಂಡ ಹುಡುಗಿಯ ದೇಹ ಬಿಟ್ಟುಕೊಡುವ ಚೀಟಿ ಪ್ರಿಂಟೇ ಆಗುತ್ತಿರಲಿಲ್ಲ. ಸರ್ವರಿನಲ್ಲಿ ಹುಡುಕಿದರೆ, ಅವಳ ದಾಖಲೆಯನ್ನು ವಾರ್ಡಿನ ಕಂಪ್ಯೂಟರ್ ತೆರೆದು ಹಿಡಿದುಕೊಂಡಿತ್ತು. ಅದು ಬಿಡದೆ ಬೇರೆಯವರು ಮುಟ್ಟುವಂತಿಲ್ಲ. ಅಲ್ಲಿಗೇ ಓಡಿದೆ.

ಹಿಂದಿನ ಸಂಜೆ ನರ್ಸಮ್ಮ ಪರದೆಯನ್ನಷ್ಟೇ ಆರಿಸಿ, ಕಂಪ್ಯೂಟರೇ ಆರಿತೆಂದುಕೊಂಡು ಮನೆಗೆ ಹೋಗಿದ್ದರು. ಹಚ್ಚಿ ನೋಡಿದೆ. ಸೇವ್ ಮಾಡದೆ ಬಿಟ್ಟ ಒಂದು ಸಾಲು ಹಾಗೇ ಇತ್ತು: ಜ್ವರ ಇಳಿದಿದೆ, ನಾಳೆ ಮನೆಗೆ ಕಳಿಸಬಹುದು.

"ಏನ್ ಬರ್ದದೆ ಸಾ?" ಆ ತಂದೆ ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದರು.

"ಏನಿಲ್ಲ ಕಣಣ್ಣ," ಅಂದು ಆ ಸಾಲನ್ನು ಅಳಿಸಿ ದಾಖಲೆ ಮುಚ್ಚಿದೆ. ಚೀಟಿ ಬಂತು.

ಜೀಪು ಹತ್ತುವಾಗ ಅವರು, "ನಿಮ್ ಮಕ್ಳು ತಣ್ಣಗಿರ್ಲಿ," ಎಂದು ಹರಸಿದರು. ಆ ಸಾಲನ್ನು ಅಳಿಸಿದ ನನಗೆ ಆ ಹರಕೆ ಇನ್ನೂ ದಕ್ಕಿಲ್ಲ.