ಸೌಟಿಗೆ ಹೆದರಿ ಕಾವ್ಯ ಓದಿದ ಮಹಾಲಿಂಗ ಮಯ್ಯ

ಮಹಾಲಿಂಗ ಮಯ್ಯನ ಸ್ವರ ಎಂಥದೆಂದರೆ, ಅವನು ಸಾಲಿಗ್ರಾಮದಲ್ಲಿ ಬಾಯಿ ತೆರೆದರೆ ಬ್ರಹ್ಮಾವರದಲ್ಲಿ ಮಲಗಿದ್ದ ದನ ಎದ್ದು ನಿಲ್ಲುತ್ತಿತ್ತು. ನಾನು ಸುಳ್ಳು ಹೇಳುವವನಲ್ಲ. ದನ ನಮ್ಮ ಸೋದರತ್ತೆಯದೇ.

ಆ ಸ್ವರ ಬೆಳೆದದ್ದು ತಾಳಮದ್ದಳೆಯ ಚಾಪೆಯ ಮೇಲೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ; ಎದುರೆದುರು ಕೂತವರು ತಾವೇ ಆ ಪಾತ್ರವಾಗಿ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಎದುರಿನವನ ಮಾತಿಗೆ ಉತ್ತರ ಹೊಳೆಯದೆ ಸುಮ್ಮನಾದವನು ಸೋತ ಹಾಗೆ. ಮಹಾಲಿಂಗ ಒಂದು ಪದ್ಯಕ್ಕೆ ಅರ್ಥ ಶುರುಮಾಡುವಾಗ ಬಿತ್ತಿದ ಭತ್ತ, ಅವನು ಮುಗಿಸುವಷ್ಟರಲ್ಲಿ ಕೊಯ್ಲಿಗೆ ಬಂದಿರುತ್ತಿತ್ತು.

ಅವನ ತಂದೆ ಗಣಪಯ್ಯ ಮಯ್ಯರು ದೇವಸ್ಥಾನದ ಅಡುಗೆಯವರು. ಅವರ ಹುಳಿಯ ಪರಿಮಳ ಕೋಟದವರೆಗೆ ಹೋಗಿ ಜನರನ್ನು ಕೈಹಿಡಿದು ಊಟಕ್ಕೆ ಕರೆತರುತ್ತಿತ್ತು. ಮಗನ ಕೈಗುಣ ಅದಕ್ಕೆ ತದ್ವಿರುದ್ಧ. ಒಮ್ಮೆ ಅವನು ಮಾಡಿದ ಪಾಯಸವನ್ನು ಮುಟ್ಟಿದ ಕಾಗೆ ಮತ್ತೆ ಮೂರು ವರ್ಷ ಆ ಊರಿನ ಮೇಲೆ ಹಾರಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಮಹಾಲಿಂಗ, ಘಟ್ಟದ ಮೇಲಿನ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಕಾವ್ಯ ಓದುತ್ತೇನೆಂದು ಹಟ ಹಿಡಿದ.

“ಪದ್ಯ ಓದುಕೆ ಘಟ್ಟ ಹತ್ತುಕಾ?” ಎಂದರು ಗಣಪಯ್ಯ. “ಇಲ್ಲೇ ಕೂತ್ರೆ ಪದ್ಯ ಬಾಯಿಗ್ ಬತ್ತಿಲ್ಯಾ?”

“ಪದ್ಯದ ಒಳ್ಗ್ ಎಂತ ಇತ್ತ್ ಅಂಬ್ದನ್ನ ಬಿಡ್ಸಿ ತೋರ್ಸ್ತ್ರ್, ಅಪ್ಪಯ್ಯ.”

“ಅದೆಂತ ಹಲ್ಸಿನ್ ಹಣ್ಣಾ, ಬಿಡ್ಸುಕೆ?” ಒಳಗಿನಿಂದ ಗೋದಾವರತ್ತೆಯ ಸ್ವರ ಬಂತು. ಗಣಪಯ್ಯನವರ ತಂಗಿ, ಆ ಮನೆಯ ಹೈಕೋರ್ಟು.

ಗಣಪಯ್ಯ ಮಗನತ್ತ ತಿರುಗಿದರು. “ಆಯ್ತ್, ಹೋಗ್. ಆರೆ ಒಂದ್ ಮಾತ್. ಒಂದೇ ಒಂದ್ ಸಲ ಫೇಲಾದ್ರೂ ಸೈ, ವಾಪಸ್ ಬಂದ್ ಸೌಟ್ ಹಿಡಿಕ್.”

ಈ ಕರಾರು ಊರೆಲ್ಲ ಹಬ್ಬಿತು. ಊರಿನ ಊಟಪ್ರಿಯರಿಗೆ ನಡುಕ ಹುಟ್ಟಿತು. ಸ್ವಂತ ಮಕ್ಕಳು ಪಾಸಾಗಲಿ ಎಂದು ಒಂದು ತೆಂಗಿನಕಾಯಿ ಒಡೆಯದವರೂ ಮಹಾಲಿಂಗನ ಹೆಸರಿನಲ್ಲಿ ಹನ್ನೆರಡು ಕಾಯಿ ಹರಕೆ ಹೊತ್ತರು.

ಯುದ್ಧದ ಕಾಲ. ಬಸ್ಸು ಓಡುತ್ತಿದ್ದದ್ದು ಇದ್ದಿಲ ಹೊಗೆಯಲ್ಲಿ. ಘಟ್ಟದ ಪ್ರತಿ ತಿರುವಿನಲ್ಲೂ ಇಳಿದು ತಳ್ಳಬೇಕು. ಮಹಾಲಿಂಗ ನನಗೆ ಬರೆದ ಮೊದಲ ಕಾರ್ಡಿನಲ್ಲಿ ಇದ್ದದ್ದು ಇಷ್ಟೆ: “ಕ್ಷೇಮವಾಗಿ ತಲುಪಿದೆ. ಬಸ್ಸನ್ನೂ ತಲುಪಿಸಿದೆ.”

ಅಲ್ಲಿ ಮೂರು ವರ್ಷ ಲಘು ಗುರು ಎಣಿಸಿದ. ಕಾಗದ ಮುಗಿದ ಮೇಲೆ ಕೋಣೆಯ ಗೋಡೆಗೆ ಗಣ ಹಾಕಿದ, ಗೋಡೆ ಮುಗಿದ ಮೇಲೆ ಮಾಡಿನ ಹಂಚಿಗೆ ಹಾಕಿದ. ಅಲಂಕಾರಗಳ ಹೆಸರು ನಿದ್ದೆಯಲ್ಲೂ ಒಪ್ಪಿಸುತ್ತಿದ್ದ. ಆದರೆ ಅವನ ಮೇಷ್ಟ್ರದು ಒಂದೇ ದೂರು: “ಕಾವ್ಯವನ್ನು ಸ್ವಲ್ಪ ದೂರ ನಿಂತು ನೋಡಬೇಕು ಕಣಯ್ಯಾ. ನೀನು ಒಳಗೇ ಹೋಗಿ ಚಾಪೆ ಹಾಕಿ ಕೂರುತ್ತೀಯಲ್ಲ!”

ಲಿಖಿತ ಪರೀಕ್ಷೆಗಳು ಸುಸೂತ್ರವಾಗಿ ಮುಗಿದವು. ಉಳಿದದ್ದು ಮೌಖಿಕ. ಅದರಲ್ಲಿ ಹೋದರೆ ಎಲ್ಲವೂ ಹೋದ ಹಾಗೆ. ಮೇಜಿನಾಚೆ ಪೇಟ ಸುತ್ತಿದ ಮೂವರು. ನಡುವೆ ಮುಖ್ಯ ಪರೀಕ್ಷಕ ಶಾಮರಾಯರು. ಅವರ ಮುಖ ನೋಡಿದರೆ ಹಾಲು ತಾನಾಗಿಯೇ ಮೊಸರಾಗುತ್ತಿತ್ತಂತೆ. ಅವರು ಒಂದು ಪದ್ಯ ಕೊಟ್ಟರು. ಶತ್ರುವಿನ ದೂತನೊಬ್ಬ ಅರಸನ ಸಭೆಗೆ ಬಂದು, ನಿನ್ನ ಸೇನೆ ಕಡಲಿನಂತಿದೆ, ಆದರೂ ಸಂಧಿಯೇ ಲೇಸು ಎನ್ನುವ ಪದ್ಯ.

“ಓದಿ, ಅರ್ಥ ಹೇಳಿ,” ಎಂದರು ಶಾಮರಾಯರು.

ಅರ್ಥ ಹೇಳಿ! ಪಡುಕರೆಯ ಕಡಲ ಗಾಳಿ ಕುಡಿದು ತಾಳಮದ್ದಳೆಯಲ್ಲಿ ಬೆಳೆದವನಿಗೆ ಹೇಳುವ ಮಾತೇ ಅದು? ಮಹಾಲಿಂಗ ಪದ್ಯವನ್ನು ಭಾಗವತರ ಧಾಟಿಯಲ್ಲೇ ಎತ್ತಿದ. ಮುಗಿಯುವಷ್ಟರಲ್ಲಿ ಅವನಿಗೆ ಮೇಜೂ ಕಾಣಲಿಲ್ಲ, ಪೇಟವೂ ಕಾಣಲಿಲ್ಲ. ಶಾಮರಾಯರತ್ತ ಕೈ ನೀಡಿದ.

“ಎಲೈ ಅರಸನೇ! ದೂರದಿಂದ ಬಂದ ದೂತನನ್ನು ನಿಲ್ಲಿಸಿಯೇ ಮಾತಾಡಿಸುವುದು ಯಾವ ರಾಜನೀತಿ?”

ಕಿಟಕಿಯ ಗಾಜು ನಡುಗಿತು. ಬಾಗಿಲಲ್ಲಿದ್ದ ಜವಾನ ಓಡಿಬಂದು ಒಂದು ಕುರ್ಚಿ ಇಟ್ಟು ಹೋದ.

“ರೀ, ನಾನು ಪರೀಕ್ಷಕ!” ಎಂದರು ಶಾಮರಾಯರು.

“ಸಿಂಹಾಸನದಲ್ಲಿ ಕೂತವನು ಪ್ರಶ್ನೆ ಕೇಳಿದರೆ ಸಾಲದು. ಉತ್ತರವನ್ನೂ ಕೊಡಬೇಕು.”

ಶಾಮರಾಯರ ಮೀಸೆ ಅಲುಗಿತು. ಮೂವತ್ತು ವರ್ಷ ಕಾವ್ಯ ಓದಿದ್ದರೂ ಅವರನ್ನು ಯಾರೂ ಅರಸ ಎಂದು ಕರೆದಿರಲಿಲ್ಲ. “ಸರಿ! ನೀನೇ ನನ್ನ ಸೇನೆಯನ್ನು ಕಡಲು ಎಂದೆಯಲ್ಲ? ಅಂಥ ಬಲವಿರುವಾಗ ನಾನೇಕೆ ಸಂಧಿ ಮಾಡಿಕೊಳ್ಳಲಿ?”

“ಕಡಲು ಎಂದದ್ದಕ್ಕೆ ಹಿಗ್ಗಬೇಡ, ರಾಜಾ. ನೀನು ಕಡಲನ್ನು ಕಂಡವನಲ್ಲ. ನಾನು ಅದರ ದಡದಲ್ಲೇ ಹುಟ್ಟಿದವನು. ಅಬ್ಬರಿಸಿ ಬರುತ್ತದೆ, ಲೋಕವನ್ನೇ ನುಂಗುವಂತೆ ಬರುತ್ತದೆ. ದಡ ಮುಟ್ಟಿದ್ದೇ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಕವಿ ಹೊಗಳುವ ಹೋಲಿಕೆಯ ಒಳಗೇ ನಿನ್ನ ಹಿಮ್ಮೆಟ್ಟುವಿಕೆಯನ್ನು ಇಟ್ಟಿದ್ದಾನೆ!”

ಪಕ್ಕದ ಪರೀಕ್ಷಕರ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಶಾಮರಾಯರು ಬಾಯಿ ತೆರೆದರು, ಮಾತು ಬರಲಿಲ್ಲ. ಅವರು ನಿಜವಾಗಿಯೂ ಕಡಲು ಕಂಡವರಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಗಂಟೆಯ ಸದ್ದಿಗೆ ಮಹಾಲಿಂಗನಿಗೆ ಎಚ್ಚರವಾಯಿತು. ಎದುರಿಗೆ ಮೂರು ಪೇಟ. ಕೈಮುಗಿದು ಹಿಮ್ಮುಖವಾಗಿ ಹೊರಗೆ ಬಂದವನೇ ಮನೆಗೆ ಕಾರ್ಡು ಹಾಕಿದ: “ಪರೀಕ್ಷಕರನ್ನೇ ಸೋಲಿಸಿಬಿಟ್ಟೆ. ಸೌಟು ತೊಳೆದಿಡಿ.”

ಕಾರ್ಡು ಬಂದ ದಿನ ಊರಿನಲ್ಲಿ ಸೂತಕದ ಕಳೆ. ನಾಲ್ಕು ಮನೆಯವರು ಮದುವೆ ಮುಂದೆ ಹಾಕಿದರು. ಒಂದು ತಿಂಗಳ ಮೇಲೆ ಫಲಿತಾಂಶ ಬಂತು: ಪಾಸು. ಅಂದು ಒಡೆದ ಹರಕೆಯ ಕಾಯಿಯ ನೀರಿಗೆ ಹೊಳೆ ಒಂದು ಮೊಳ ಏರಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ನವರಾತ್ರಿಯ ರಜೆಯಲ್ಲಿ ಶಾಮರಾಯರೇ ಮಯ್ಯರ ಮನೆಗೆ ಬಂದಿಳಿದರು. “ಉತ್ತರ ಕೊಡುವುದು ಬಾಕಿ ಇದೆ. ಮೊದಲು ಕಡಲು ತೋರಿಸಿ,” ಎಂದರು.

“ಪರೀಕ್ಷಿ ಮಾಡುಕೆ ಮನಿ ತನ್ಕ ಬಪ್ಪುದಾ!” ಎಂದು ಗೋದಾವರತ್ತೆ ಗಲ್ಲಕ್ಕೆ ಕೈಯಿಟ್ಟರು.

ಬೆಳಿಗ್ಗೆ ಪಡುಕರೆಗೆ ಹೋದ ಶಾಮರಾಯರು ಮಧ್ಯಾಹ್ನ ಮರಳಿದರು. ಪಂಚೆ ಮೊಣಕಾಲವರೆಗೆ ಒದ್ದೆ, ಒಂದು ಕಾಲಲ್ಲಿ ಮಾತ್ರ ಮೆಟ್ಟು. ಜಗಲಿಯಲ್ಲಿ ಊರಿನವರು ಹಬ್ಬದ ಊಟಕ್ಕೆ ಕೂತಾಗಿತ್ತು, ಎಲೆ ಹಾಕಿಯಾಗಿತ್ತು.

“ಎಲೈ ದೂತನೇ!” ಎಂದರು ಶಾಮರಾಯರು, ಅಂಗಳದಲ್ಲೇ ನಿಂತು. “ಕಡಲು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ ಎಂದೆ. ಹೌದು, ಹೋಯಿತು. ಹೋಗುವಾಗ ನನ್ನ ಮೆಟ್ಟನ್ನು ಕೊಂಡೊಯ್ದಿತು! ನನ್ನ ಸೇನೆ ಹಿಂದೆ ಸರಿದರೂ ಬರಿಗೈಯಲ್ಲಿ ಸರಿಯುವುದಿಲ್ಲ. ಈ ಅರ್ಥ ಅಂದು ಏಕೆ ಹೇಳಲಿಲ್ಲ?”

ಮಹಾಲಿಂಗ ಬಾಯಿ ತೆರೆದ. ಹುಟ್ಟಿದ ಮೇಲೆ ಮೊದಲ ಬಾರಿಗೆ ಅದರಿಂದ ಏನೂ ಹೊರಡಲಿಲ್ಲ. ಕೊಟ್ಟಿಗೆಯ ದನ ಕೂಡ ಆಶ್ಚರ್ಯದಿಂದ ತಲೆ ಎತ್ತಿತು.

“ಸೋತೆ ಅಲ್ದಾ ಮಾಣಿ?” ಗಣಪಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಪರೀಕ್ಷಕ್ರೇ ಗೆದ್ರ್ ಅಂದ್ಮೇಲೆ ನೀ ಫೇಲ್. ತಕೋ, ಸೌಟ್ ಹಿಡಿ!”

ಪಂಕ್ತಿಯಲ್ಲಿ ಕೂತಿದ್ದ ನಲವತ್ತು ಮಂದಿ ಒಟ್ಟಿಗೆ ಎರಡೂ ಕೈಗಳಿಂದ ಎಲೆ ಮುಚ್ಚಿಕೊಂಡೆವು.

“ಹೆದ್ರ್ಬೇಡಿ ಮರ್ರೆ,” ಎಂದರು ಗಣಪಯ್ಯ. “ಅಡ್ಗಿ ಮಾಡದ್ದ್ ನಾನೇ. ಅವ ಬಡ್ಸುದ್ ಮಾತ್ರ.”